ಸ್ಟೆಪ್ನಿ ಬಂದ ದಾರಿ, ಹೋಗುತ್ತಿರುವ ದಾರಿ

ಮೂರ್ನಾಡಿನಲ್ಲಿ ‘ಸ್ಟೆಪ್ನಿ’ ಎಂದರೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳಂ, ತುಳು, ಕನ್ನಡದವರು ಎಲ್ಲರೂ ಪಂಚರ್ ಅಂಗಡಿಯ ಮುಂದೆ ನಿಂತಾಗ ಹೇಳುವುದು ಇದೊಂದೇ ಪದ. ಜೀಪಿನ ಹಿಂದೆ ನೇತಾಡುವ, ಕಾರಿನ ಡಿಕ್ಕಿಯಲ್ಲಿ ಮಲಗಿರುವ ಹೆಚ್ಚುವರಿ ಚಕ್ರದ ಹೆಸರು ಅದು.

ಇದು ಇಂಗ್ಲಿಷ್ ಪದ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಇವತ್ತು ಇಂಗ್ಲೆಂಡಿನಲ್ಲಿ ಈ ಮಾತು ಹೇಳಿದರೆ ಬಹಳ ಮಂದಿಗೆ ತಿಳಿಯುವುದಿಲ್ಲ. ಅವರಿಗೆ ಅದು ಸ್ಪೇರ್ ವೀಲ್. ಸ್ಟೆಪ್ನಿ ಎಂಬುದು ಅಲ್ಲಿ ಮರೆತುಹೋದ ಒಂದು ಕಂಪನಿಯ ಹೆಸರು. ಹೆಸರನ್ನು ಬಿಡದೆ ಉಳಿಸಿಕೊಂಡವರು ನಾವು.

ಈಗ ಹೆಸರು ಉಳಿದು ವಸ್ತುವೇ ಹೋಗುವ ಕಾಲ ಬಂದಿದೆ. ಕೆಲವು ಹೊಸ ಕಾರುಗಳ ಡಿಕ್ಕಿ ತೆರೆದರೆ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಗಾಳಿ ಪಂಪು, ಒಂದು ಬಾಟಲಿ ಅಂಟುದ್ರವ ಮಾತ್ರ ಇರುತ್ತದೆ. 2020ರಿಂದ ನಮ್ಮ ದೇಶದ ನಿಯಮವೂ ಇದನ್ನು ಒಪ್ಪಿದೆ.

ರೈಲೇ ಇಲ್ಲದ ಜಿಲ್ಲೆ ನಮ್ಮದು. ಕಾಫಿ, ಕರಿಮೆಣಸು ಹೊರಗೆ ಹೋಗುವುದೂ ಅಕ್ಕಿ, ಗ್ಯಾಸ್ ಸಿಲಿಂಡರ್ ಒಳಗೆ ಬರುವುದೂ ಟೈರಿನ ಮೇಲೆಯೇ. ದೊಡ್ಡ ಕಾಯಿಲೆ ಬಂದರೆ ಮೈಸೂರಿಗೋ ಮಂಗಳೂರಿಗೋ ಓಡುವುದೂ ಟೈರಿನ ಮೇಲೆಯೇ. ಹಾಗಾಗಿ ಕೆಟ್ಟ ಚಕ್ರವನ್ನು ನಮ್ಮ ಕೈಯಿಂದಲೇ ಬದಲಿಸುವ ವಿದ್ಯೆ ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು ಎಂದು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು.

ಮೊದಲ ಟೈರು ಕಬ್ಬಿಣದ್ದು

ರಬ್ಬರ್ ಬರುವುದಕ್ಕೆ ಮೊದಲೂ ಟೈರ್ ಇತ್ತು. ಎತ್ತಿನಗಾಡಿಯ ಮರದ ಚಕ್ರದ ಸುತ್ತ ಹಾಕುವ ಕಬ್ಬಿಣದ ಪಟ್ಟಿಯೇ ಅದು. ಇಂಗ್ಲಿಷಿನಲ್ಲಿ ಟೈರ್ ಎಂಬ ಪದ ಮೊದಲು ಹುಟ್ಟಿದ್ದೂ ಆ ಪಟ್ಟಿಗೇ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷ್ ಪ್ಲಾಂಟರ್ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ. ಆಮೇಲೆ ತೋಟಗಳು ಹೆಚ್ಚುತ್ತಾ ಹೋದವು. ಬೆಳೆದ ಕಾಫಿ ಗಾಡಿಗಳಲ್ಲಿ ಘಟ್ಟ ಇಳಿದು ಕರಾವಳಿಯ ಬಂದರು ಸೇರುತ್ತಿತ್ತು. ಪೆರುಂಬಾಡಿ, ಮಾಕುಟ್ಟದ ಇಳಿಜಾರಿನಲ್ಲಿ ಆ ಕಬ್ಬಿಣದ ಪಟ್ಟಿ ಕಲ್ಲಿಗೆ ಉಜ್ಜಿ ಸವೆಯುತ್ತಿತ್ತು. ಮರ ಒಣಗಿದರೆ ಸಡಿಲವಾಗುತ್ತಿತ್ತು.

ಅದನ್ನು ಬದಲಿಸುವ ಕೆಲಸ ಕಮ್ಮಾರನದು. ಚಕ್ರಕ್ಕಿಂತ ಸ್ವಲ್ಪವೇ ಚಿಕ್ಕದಾಗಿ ಬಳೆ ಮಾಡಿ, ಬೆಂಕಿಯ ಮಧ್ಯೆ ಇಟ್ಟು ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಮರದ ಚಕ್ರದ ಮೇಲೆ ಕೂರಿಸಿ, ಮರ ಸುಟ್ಟುಹೋಗುವ ಮೊದಲು ನೀರು ಸುರಿಯುತ್ತಾರೆ. ಬಳೆ ಕುಗ್ಗಿ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಮೊಳೆ, ಬೋಲ್ಟು ಇಲ್ಲದೆಯೂ ಅದು ನಿಲ್ಲುತ್ತದೆ.

ಈ ಕೆಲಸ ಒಬ್ಬನಿಂದ ಆಗುವುದಲ್ಲ, ದಾರಿಯಲ್ಲೂ ಆಗುವುದಲ್ಲ. ಆದರೆ ಅದಕ್ಕೆ ಬೇಕಾದ ಬೆಂಕಿ, ಸುತ್ತಿಗೆ, ಇಕ್ಕಳ, ನೀರು, ಕೈಗಳು ಎಲ್ಲವೂ ಊರಿನೊಳಗೇ ಸಿಗುತ್ತಿದ್ದವು.

ಗಾಳಿ ತುಂಬಿದ ಚಕ್ರ

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845. ಆಗ ಕಾರೂ ಇರಲಿಲ್ಲ, ಈಗಿನಂಥ ಸೈಕಲ್ಲೂ ಇರಲಿಲ್ಲ. ಅವನ ಟೈರನ್ನು ಜನ ಮರೆತರು. ನಲವತ್ತು ವರ್ಷ ಕಳೆದ ಮೇಲೆ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರ್ ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ವೃತ್ತಿಯಲ್ಲಿ ಅವನು ಪಶುವೈದ್ಯ. ಥಾಮ್ಸನ್ ಮೊದಲೇ ಕಂಡುಹಿಡಿದಿದ್ದ ಎಂದು ಗೊತ್ತಾದಾಗ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಹೆಸರು ಮಾತ್ರ ಟೈರಿಗೆ ಅಂಟಿಕೊಂಡಿತು.

ಡನ್‌ಲಪ್ ಟೈರಿನಲ್ಲಿ ಒಂದು ದೊಡ್ಡ ತೊಂದರೆಯಿತ್ತು. ಅದನ್ನು ರಿಮ್ಮಿಗೆ ಅಂಟು ಹಾಕಿ ಕೂರಿಸುತ್ತಿದ್ದರು. ಪಂಚರ್ ಆದರೆ ಅಂಟು ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಬೇಕು. ಫ್ರಾನ್ಸಿನಲ್ಲಿ ರಬ್ಬರ್ ಕಾರ್ಖಾನೆ ನಡೆಸುತ್ತಿದ್ದ ಮಿಷೆಲಿನ್ ಸಹೋದರರು ಇಂಥ ಒಂದು ಸೈಕಲ್ಲನ್ನು ರಿಪೇರಿ ಮಾಡಿ ಬೇಸತ್ತು, ಬಿಚ್ಚಿ ಹಾಕಬಹುದಾದ ಟೈರನ್ನು 1891ರಲ್ಲಿ ತಂದರು. ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯಿತು.

ಇದಕ್ಕಿಂತ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿತ್ತು. 1890ರಲ್ಲಿ ಚಾರ್ಲ್ಸ್ ಕಿಂಗ್ಸ್‌ಟನ್ ವೆಲ್ಚ್ ಎಂಬ ಇಂಗ್ಲಿಷಿನವನು ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇಟ್ಟು, ರಿಮ್ಮಿನ ಮಧ್ಯದಲ್ಲಿ ಒಂದು ತಗ್ಗು ಮಾಡುವ ಉಪಾಯಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ನಮ್ಮ ಸೈಕಲ್, ಬೈಕ್, ಕಾರುಗಳ ಟೈರ್ ನಿಂತಿರುವುದು ಅದೇ ಉಪಾಯದ ಮೇಲೆ.

ಉಪಾಯ ಸರಳ. ಟೈರಿನ ಅಂಚಿನ ತಂತಿ ಹಿಗ್ಗುವುದಿಲ್ಲ. ರಿಮ್ಮಿನ ಹೊರ ಅಂಚು ಆ ತಂತಿಯ ಬಳೆಗಿಂತ ದೊಡ್ಡದು. ಹಾಗಾದರೆ ಟೈರ್ ಹೊರಗೆ ಬರುವುದು ಹೇಗೆ? ಒಂದು ಕಡೆಯ ಅಂಚನ್ನು ಮಧ್ಯದ ತಗ್ಗಿಗೆ ತಳ್ಳಿದರೆ ಎದುರು ಕಡೆ ಅಷ್ಟೇ ಸಡಿಲ ಸಿಗುತ್ತದೆ. ಆ ಸಡಿಲದಲ್ಲಿ ಲಿವರ್ ಹಾಕಿ ಮೀಟಿದರೆ ಟೈರ್ ಮೇಲೆ ಬರುತ್ತದೆ. ಬೈಕಿನ ಟೈರ್ ಬಿಚ್ಚುವವರು ಒಂದು ಬದಿಯನ್ನು ಮೊಣಕಾಲಿನಿಂದ ಒತ್ತಿ, ಎದುರು ಬದಿಗೆ ಲಿವರ್ ಹಾಕುವುದು ಈ ಕಾರಣಕ್ಕೆ. ಎದುರು ಬದಿ ತಗ್ಗಿಗೆ ಇಳಿಯದಿದ್ದರೆ ಪೈಲ್ವಾನನಿಗೂ ಟೈರ್ ಏಳುವುದಿಲ್ಲ. ಇಳಿದರೆ ಸಣ್ಣ ಹುಡುಗನಿಗೂ ಏಳುತ್ತದೆ.

ಒಂದು ಬೀದಿಯ ಹೆಸರು

ಮೊದಲ ಕಾಲದ ಕಾರುಗಳಲ್ಲಿ ಚಕ್ರವನ್ನು ಸುಲಭವಾಗಿ ಕಳಚಲು ಆಗುತ್ತಿರಲಿಲ್ಲ. ಪಂಚರ್ ಆದರೆ ಚಕ್ರ ಕಾರಿನಲ್ಲೇ ಇರುವಾಗ ಟೈರನ್ನು ಮೀಟಿ ತೆಗೆದು, ಟ್ಯೂಬ್ ಎಳೆದು, ತೇಪೆ ಹಾಕಿ, ಮತ್ತೆ ಏರಿಸಿ, ಕೈಪಂಪಿನಲ್ಲಿ ಗಾಳಿ ಹೊಡೆಯಬೇಕು. ಕುದುರೆ ಗಾಡಿಗಳೇ ತುಂಬಿದ್ದ ರಸ್ತೆಗಳಲ್ಲಿ ಲಾಳದ ಮೊಳೆಗಳಿಗೆ ಬರವಿರಲಿಲ್ಲ. ಮಳೆಯಲ್ಲಿ, ಕತ್ತಲಲ್ಲಿ ಅದು ಎಂಥ ಕೆಲಸ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

1904ರಲ್ಲಿ ವೇಲ್ಸ್ ನಾಡಿನ ಲನೆಲ್ಲಿ ಎಂಬ ಪಟ್ಟಣದ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಅಣ್ಣತಮ್ಮಂದಿರು ಇದಕ್ಕೊಂದು ದಾರಿ ಹುಡುಕಿದರು. ಅರೆಕಾಲುಗಳೇ ಇಲ್ಲದ ಬರಿಯ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರವನ್ನು ಬಿಚ್ಚುವುದೇ ಬೇಡ. ಅದರ ಪಕ್ಕಕ್ಕೆ ಈ ಬಳೆಯನ್ನು ಕೊಂಡಿಗಳಿಂದ ಬಿಗಿದು ಮುಂದೆ ಹೋಗಬಹುದು.

ಅವರ ಕಾರ್ಯಾಗಾರ ಇದ್ದ ಬೀದಿಯ ಹೆಸರು ಸ್ಟೆಪ್ನಿ ಬೀದಿ. ಚಕ್ರಕ್ಕೂ ಕಂಪನಿಗೂ ಅದೇ ಹೆಸರಾಯಿತು. ಬ್ರಿಟಿಷರ ಕಾರುಗಳ ಜೊತೆ ಅದು ಹಡಗು ಹತ್ತಿ ಭಾರತಕ್ಕೂ ಬಂತು. ಕೆಲವೇ ವರ್ಷಗಳಲ್ಲಿ ಬಿಚ್ಚಿ ಹಾಕಬಹುದಾದ ಚಕ್ರಗಳು ಎಲ್ಲ ಕಾರುಗಳಿಗೂ ಬಂದವು, ಡೇವಿಸ್ ಸಹೋದರರ ಬಳೆ ಹಳತಾಯಿತು. ಆದರೆ ಭಾರತ, ಬಾಂಗ್ಲಾದೇಶ, ದೂರದ ಮಾಲ್ಟಾ ದ್ವೀಪದಲ್ಲಿ ಜನ ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಎನ್ನುವುದನ್ನು ಬಿಡಲಿಲ್ಲ.

ಈ ಹೊತ್ತಿಗೆ ಎರಡು ಬೇರೆ ಬೇರೆ ವಿದ್ಯೆಗಳು ಹುಟ್ಟಿಕೊಂಡವು. ಒಂದು, ಚಕ್ರ ಬದಲಿಸುವುದು: ಜಾಕಿ ಎತ್ತಿ, ನಟ್ ಬಿಚ್ಚಿ, ಸ್ಟೆಪ್ನಿ ಹಾಕುವುದು. ಎರಡು, ಟೈರ್ ಬದಲಿಸುವುದು: ರಿಮ್ಮಿನಿಂದ ಟೈರ್ ಕಳಚಿ ಬೇರೆ ಹಾಕುವುದು. ನಮ್ಮ ಮಾತಿನಲ್ಲಿ ಎರಡಕ್ಕೂ ‘ಟೈರ್ ಚೇಂಜ್’ ಎನ್ನುತ್ತೇವೆ. ಈ ಎರಡು ವಿದ್ಯೆಗಳು ನಮ್ಮ ಕೈಬಿಟ್ಟದ್ದು ಮಾತ್ರ ಬೇರೆ ಬೇರೆ ಕಾಲದಲ್ಲಿ.

ಯುದ್ಧ, ರಬ್ಬರ್, ಜೀಪು

ಭಾರತದಲ್ಲಿ ಟೈರ್ ತಯಾರಿಕೆ ದೊಡ್ಡದಾಗಿ ಆರಂಭವಾದದ್ದು 1936ರಲ್ಲಿ, ಬಂಗಾಳದ ಸಾಹಾಗಂಜಿನ ಡನ್‌ಲಪ್ ಕಾರ್ಖಾನೆಯಲ್ಲಿ. ಎತ್ತಿನಗಾಡಿಗೆಂದೇ ಡನ್‌ಲಪ್ ಟೈರ್ ಮಾಡಿ ಮಾರಿತು. ಕಬ್ಬಿಣದ ಪಟ್ಟಿ ಬಿಟ್ಟು ‘ಟೈರ್ ಗಾಡಿ’ ಮಾಡಿಕೊಂಡ ರೈತನಿಗೆ ಕಮ್ಮಾರನ ಜೊತೆ ಪಂಚರಿನವನೂ ಬೇಕಾದ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಪ್ರಪಂಚದ ರಬ್ಬರಿನಲ್ಲಿ ಬಹುಪಾಲು ಬೆಳೆಯುತ್ತಿದ್ದುದು ಮಲಯ, ಇಂಡೋನೇಷ್ಯಾ ಕಡೆಯ ತೋಟಗಳಲ್ಲಿ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ವಶವಾಯಿತು. ಮಾರ್ಚ್ ಹೊತ್ತಿಗೆ ಜಾವಾ ಕೂಡ ಹೋಯಿತು. ರಬ್ಬರ್ ಇದ್ದಕ್ಕಿದ್ದಂತೆ ಚಿನ್ನವಾಯಿತು. ನಮ್ಮ ದೇಶದಲ್ಲೂ ಟೈರಿಗೆ ರೇಷನ್ ಬಂತು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಒಲೆ ಕಟ್ಟಿಕೊಂಡು ಓಡಿದ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಹೊಸ ಟೈರ್ ಸಿಗದ ಕಾಲದಲ್ಲಿ ಹಳೆಯದನ್ನು ಎಷ್ಟು ದಿನ ಓಡಿಸುತ್ತಾರೆ ಎಂಬುದರಲ್ಲೇ ಚಾಲಕನ ಜಾಣತನ. ಹರಿದ ಟೈರಿನ ಒಳಗೆ ಇನ್ನೊಂದು ಟೈರಿನ ತುಂಡು ಇಟ್ಟು ಟ್ಯೂಬ್ ಕಾಪಾಡುವುದು, ಟೈರುಗಳನ್ನು ಸ್ಥಳ ಬದಲಿಸಿ ಸಮನಾಗಿ ಸವೆಸುವುದು, ಟ್ಯೂಬಿಗೆ ತೇಪೆಯ ಮೇಲೆ ತೇಪೆ ಹಾಕುವುದು, ಎಲ್ಲವೂ ಕೈಯ ಕೆಲಸ. ಬಡತನ ಇರುವ ಕಡೆ ಯುದ್ಧ ಮುಗಿದ ಮೇಲೂ ಈ ಅಭ್ಯಾಸ ಹೋಗಲಿಲ್ಲ.

ಯುದ್ಧ ಮುಗಿದಾಗ ಸೇನೆಗೆ ಬೇಡವಾದ ವಾಹನಗಳು ಡಿಸ್ಪೋಸಲ್ ಎಂದು ಮಾರಾಟಕ್ಕೆ ಬಂದವು. ಜೀಪು ನಾಗರಿಕರ ಕೈಗೆ ಸಿಕ್ಕಿದ್ದು ಹೀಗೆ. 1947ರಿಂದ ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಕೆಸರು, ಏರು, ತೋಟದ ಒಳದಾರಿ ಎಲ್ಲಕ್ಕೂ ಒಗ್ಗುವ ಈ ಗಾಡಿ ಕೊಡಗಿಗೆಂದೇ ಮಾಡಿದ ಹಾಗಿತ್ತು. ಮನೆಮನೆಯಿಂದ ಸೈನ್ಯಕ್ಕೆ ಹೋದ ನಾಡು ಇದು. ಸೇನೆಯಲ್ಲಿ ಗಾಡಿ ಓಡಿಸಿದವರಿಗೆ ಟೈರ್, ಎಣ್ಣೆ, ನಟ್ ನೋಡುವುದು ಬೇರೆಯವರ ಕೆಲಸ ಎಂಬ ಭಾವನೆ ಇರಲಿಲ್ಲ. ಓಡಿಸುವವನೇ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ಪಾಠ.

ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಒಂದು ಸಣ್ಣ ಪರೀಕ್ಷೆಯೂ ಇತ್ತು. ಬಲಗಡೆಯ ಚಕ್ರಗಳ ನಟ್ ಎಲ್ಲ ಕಡೆಯಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯ ಚಕ್ರಗಳ ನಟ್ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಓಟದಲ್ಲಿ ನಟ್ ತಾನಾಗಿ ಸಡಿಲವಾಗಬಾರದು ಎಂದು ಹಾಗೆ ಮಾಡಿದ್ದರು. ಗೊತ್ತಿಲ್ಲದವನು ಬಿಚ್ಚುತ್ತೇನೆ ಎಂದುಕೊಂಡು ಸ್ಪ್ಯಾನರ್ ಮೇಲೆ ನಿಂತು ಕುಣಿದರೆ ಬೋಲ್ಟೇ ಮುರಿದು ಕೈಗೆ ಬರುತ್ತಿತ್ತು.

ಯುದ್ಧದ ಕೊನೆಯ ವರ್ಷ 1945ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಸೇನೆಯ ಮಹಿಳಾ ದಳ ಸೇರಿ ಲಾರಿ ಓಡಿಸುವುದನ್ನೂ ಚಕ್ರ ಬದಲಿಸುವುದನ್ನೂ ಕಲಿತರು. ಸೇರುವಾಗ ಅವರಿಗೆ ಹದಿನೆಂಟು ವರ್ಷ. ಮುಂದೆ ರಾಣಿಯಾದ ಮೇಲೂ ಸ್ಪ್ಯಾನರ್ ಹಿಡಿದ ಆ ಫೋಟೋಗಳು ಪ್ರಸಿದ್ಧವಾಗಿಯೇ ಉಳಿದವು. ‘ಹೆಂಗಸರಿಗೆ ಆಗುವ ಕೆಲಸವಲ್ಲ’ ಎನ್ನುವವರಿಗೆ ಆ ಫೋಟೋ ತೋರಿಸಬಹುದು.

ಕ್ಲೀನರ್ ಹುಡುಗನ ಶಾಲೆ

1950, 60ರ ದಶಕದಿಂದ ಲಾರಿ, ಬಸ್ಸುಗಳು ಹೆಚ್ಚಿದವು. ಟೈರ್ ಕಂಪನಿಗಳೂ ಹೆಚ್ಚಿದವು. 1946ರಲ್ಲಿ ಮದರಾಸಿನಲ್ಲಿ ಆಟಿಕೆ ಬಲೂನ್ ಮಾಡುತ್ತಿದ್ದ ಕೆ. ಎಂ. ಮಾಮ್ಮನ್ ಮಾಪಿಳ್ಳೈ ಅವರ ಎಂಆರ್‌ಎಫ್, 1952ರಲ್ಲಿ ಸವೆದ ಟೈರಿಗೆ ಹೊಸ ಪದರ ಹಾಕುವ ರಬ್ಬರ್ ಮಾಡಿ, 1961ರ ಹೊತ್ತಿಗೆ ಟೈರಿಗೇ ಕೈಹಾಕಿತು. ನಮ್ಮ ಪಕ್ಕದ ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಹುಟ್ಟಿತು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು. ಸಂಪಾಜೆ ಘಟ್ಟ ಇಳಿದರೆ ಸುಳ್ಯದ ಸುತ್ತ ರಬ್ಬರ್ ತೋಟಗಳು ಬೆಳೆದವು. ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳು ಅಲ್ಲಿ ರಬ್ಬರ್ ಹಾಲು ಇಳಿಸಿದವು. ಮರದ ಹಾಲಿನಿಂದ ಚಕ್ರದವರೆಗಿನ ಇಡೀ ದಾರಿ ನಮ್ಮಿಂದ ನೂರೈವತ್ತು ಕಿಲೋಮೀಟರ್ ಒಳಗೇ ಇದೆ.

ಆ ಕಾಲದ ಲಾರಿಯಲ್ಲಿ ಟೈರ್ ಬದಲಿಸುವವನು ಕ್ಲೀನರ್. ಎಷ್ಟೋ ಹುಡುಗರು ಚಾಲಕರಾದದ್ದು ಆ ಮೆಟ್ಟಿಲಿನಿಂದ. ಮೊದಲು ಗಾಜು ಒರೆಸುವುದು, ಆಮೇಲೆ ಚಕ್ರಕ್ಕೆ ಕಲ್ಲು ಕೊಡುವುದು, ಜಾಕಿ ಹಿಡಿಯುವುದು, ನಟ್ ಬಿಚ್ಚುವುದು, ಕೊನೆಗೆ ಸ್ಟೀರಿಂಗ್. ಪುಸ್ತಕ ಇಲ್ಲದ ಈ ಶಾಲೆಯಲ್ಲಿ ಬೈಗುಳವೇ ಪಾಠ. ಸಂಬಳ ಸಿಕ್ಕರೆ ಸಿಕ್ಕಿತು.

ಅಪಾಯವೂ ಅವನ ಪಾಲಿಗೇ. ಹಳೆಯ ಲಾರಿ ರಿಮ್ಮಿನಲ್ಲಿ ಟೈರನ್ನು ಹಿಡಿದಿಡಲು ಒಂದು ಪಕ್ಕದಲ್ಲಿ ಉಕ್ಕಿನ ಲಾಕ್ ರಿಂಗ್ ಇರುತ್ತದೆ. ಲಿವರ್, ಸುತ್ತಿಗೆ ಇದ್ದರೆ ರಸ್ತೆ ಬದಿಯಲ್ಲೇ ಬಿಚ್ಚಬಹುದು, ಅದೇ ಅದರ ಅನುಕೂಲ. ಆದರೆ ಲಾರಿ ಟೈರಿನ ಗಾಳಿ ಕಾರಿನದಕ್ಕಿಂತ ಸುಮಾರು ಮೂರು ಪಟ್ಟು. ರಿಂಗ್ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಗುಂಡಿನಂತೆ ಹಾರುತ್ತದೆ. ಇದರಿಂದ ಪ್ರಾಣ ಹೋದವರಿದ್ದಾರೆ. ಗಾಳಿ ಇರುವಾಗ ರಿಂಗಿಗೆ ಪೆಟ್ಟು ಹಾಕಬಾರದು, ಮೊದಲು ವಾಲ್ವ್ ಬಿಚ್ಚಿ ಗಾಳಿ ಪೂರ್ತಿ ಬಿಡಬೇಕು, ತುಂಬುವಾಗ ಸರಪಳಿ ಸುತ್ತಬೇಕು ಅಥವಾ ಕಬ್ಬಿಣದ ಪಂಜರದಲ್ಲಿ ಇಡಬೇಕು, ಎದುರಿಗೆ ನಿಲ್ಲಬಾರದು. ಇಂಥ ರಿಮ್ಮಿನ ಟ್ರೇಲರ್, ಲಾರಿ ಇಟ್ಟುಕೊಂಡವರು ಈಗಲೂ ಇದನ್ನು ನೆನಪಿಡಬೇಕು. ಇದು ಮನೆಯಲ್ಲಿ ಮಾಡಿ ಕಲಿಯುವ ಕೆಲಸವಲ್ಲ.

ಸ್ಕೂಟರ್ ಮೊದಲೇ ಹೇಳಿತ್ತು

ಸ್ಟೆಪ್ನಿ ಹೋದರೆ ಏನಾಗುತ್ತದೆ ಎಂದು ತಿಳಿಯಲು ಮುಂದೆ ನೋಡಬೇಕಾಗಿಲ್ಲ. ಸ್ಕೂಟರನ್ನು ನೋಡಿದರೆ ಸಾಕು.

1972ರಲ್ಲಿ ಬಂದ ಬಜಾಜ್ ಚೇತಕ್‌ಗೆ, ಅದಕ್ಕೂ ಹಿಂದಿನ ವೆಸ್ಪಾ, ಲ್ಯಾಂಬ್ರೆಟಾಗಳಿಗೆ ಸ್ಟೆಪ್ನಿ ಇರುತ್ತಿತ್ತು. ಮುಂದಿನ ಚಕ್ರ ಹಿಂದಕ್ಕೂ ಹಿಂದಿನದು ಮುಂದಕ್ಕೂ ಹೊಂದುತ್ತಿತ್ತು. ರಿಮ್ಮು ಎರಡು ಹೋಳು. ಗಾಳಿ ಬಿಟ್ಟು ನಟ್ ಬಿಚ್ಚಿದರೆ ಹೋಳುಗಳು ಬೇರೆಯಾಗಿ ಟೈರ್, ಟ್ಯೂಬ್ ಕೈಗೆ ಬರುತ್ತಿದ್ದವು. ಲಿವರ್ ಕೂಡ ಬೇಕಿರಲಿಲ್ಲ. ಮೇಷ್ಟ್ರು, ಪೋಸ್ಟ್ ಆಫೀಸಿನವರು, ಅಂಗಡಿಯವರು ಪಂಚೆ ಎತ್ತಿ ಕಟ್ಟಿ ರಸ್ತೆ ಬದಿಯಲ್ಲಿ ಚಕ್ರ ಬದಲಿಸಿ, ಕೈ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಆಮೇಲೆ ಗೇರ್ ಇಲ್ಲದ ಸ್ಕೂಟರುಗಳು ಬಂದವು. ಓಡಿಸಲು ಸುಲಭ. ಹೆಣ್ಣುಮಕ್ಕಳಿಗೆ ಅವು ಕೊಟ್ಟ ಸ್ವಾತಂತ್ರ್ಯ ದೊಡ್ಡದು. ಆದರೆ ಅವುಗಳಲ್ಲಿ ಸ್ಟೆಪ್ನಿ ಇಲ್ಲ. ಪಂಚರ್ ಆದರೆ ತಳ್ಳಬೇಕು, ಇಲ್ಲವೇ ಯಾರನ್ನಾದರೂ ಕರೆಯಬೇಕು. ಒಂದೇ ತಲೆಮಾರಿನಲ್ಲಿ ಸ್ಕೂಟರ್ ಚಕ್ರ ಬಿಚ್ಚುವುದು ಮನೆಯವರ ಕೆಲಸದಿಂದ ಮೆಕ್ಯಾನಿಕ್ ಕೆಲಸವಾಯಿತು. ‘ಈ ವಿದ್ಯೆ ನಮಗೆ ಬೇಡ’ ಎಂದು ಯಾರೂ ತೀರ್ಮಾನ ಮಾಡಲಿಲ್ಲ. ಚಕ್ರ ಇಲ್ಲದಾಗ ವಿದ್ಯೆ ತಾನಾಗಿ ಹೋಯಿತು.

ಟ್ಯೂಬ್‌ಲೆಸ್ ಬಂದ ಮೇಲೆ

ಟ್ಯೂಬ್ ಇರುವ ಟೈರಿಗೆ ಎರಡು ಲಿವರ್, ತೇಪೆ, ಉಜ್ಜುಕಾಗದ, ಸೊಲ್ಯೂಷನ್, ಕೈಪಂಪು ಸಾಕು. ಮೂರ್ನಾಡಿನ ಹಳೆಯ ಜೀಪಿನ ಟೈರನ್ನು ಮನೆಯಂಗಳದಲ್ಲೇ ಬದಲಿಸಬಹುದು. ರಿಮ್ಮಿಗೆ ಕಚ್ಚಿಕೊಂಡ ಅಂಚನ್ನು ಬಿಡಿಸಲು ಇನ್ನೊಂದು ಗಾಡಿಯ ಚಕ್ರವನ್ನು ಅದರ ಮೇಲೆ ಮೆಲ್ಲನೆ ಹತ್ತಿಸುವುದು, ಇಲ್ಲವೇ ಗಾಡಿಯ ಬಂಪರ್ ಮತ್ತು ಟೈರಿನ ನಡುವೆ ಜಾಕಿ ಇಟ್ಟು ಒತ್ತುವುದು, ಸೋಪಿನ ನೀರು ಸವರುವುದು, ಇವೆಲ್ಲ ಹಳಬರಿಗೆ ಗೊತ್ತಿದ್ದ ಉಪಾಯಗಳು.

ಅಮೆರಿಕದ ಗುಡ್‌ರಿಚ್ ಕಂಪನಿ 1947ರಲ್ಲೇ ಟ್ಯೂಬ್‌ಲೆಸ್ ಟೈರ್ ತೋರಿಸಿತ್ತು. ನಮ್ಮ ಊರಿನ ಕಾರುಗಳಿಗೆ ಅದು ಬರಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದರ ಗುಣವನ್ನು ಒಪ್ಪಲೇಬೇಕು. ಮೊಳೆ ಚುಚ್ಚಿದರೆ ಟ್ಯೂಬಿನಂತೆ ಒಮ್ಮೆಗೇ ಗಾಳಿ ಹೋಗುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಚಕ್ರ ಬಿಚ್ಚದೆಯೇ ಮೊಳೆ ಎಳೆದು, ಅಂಟಿನ ಬತ್ತಿ ತುರುಕಿ, ಐದು ನಿಮಿಷದಲ್ಲಿ ಹೋಗಬಹುದು. ಆ ಬತ್ತಿ, ಸೂಜಿಗಳ ಕಿಟ್ ದುಬಾರಿಯೂ ಅಲ್ಲ. ಇದೂ ಕೈಯ ವಿದ್ಯೆಯೇ, ಕಲಿಯಬಹುದು.

ಆದರೆ ಟ್ಯೂಬ್‌ಲೆಸ್ ಟೈರನ್ನು ರಿಮ್ಮಿಗೆ ಹೊಸದಾಗಿ ಕೂರಿಸಲು ಜೋರಾದ ಗಾಳಿ ಒಮ್ಮೆಗೇ ನುಗ್ಗಬೇಕು. ಕೈಪಂಪಿನಿಂದ ಅದು ಸಾಧಾರಣವಾಗಿ ಆಗುವುದಿಲ್ಲ, ಕಂಪ್ರೆಸರ್ ಬೇಕು. ಅಲಾಯ್ ರಿಮ್ಮಿಗೆ ಲಿವರ್ ಹಾಕಿದರೆ ಗೀರು ಬೀಳುತ್ತದೆ, ಮೆಷಿನ್ ಬೇಕು. ಅಲ್ಲಿಗೆ ಎರಡನೆಯ ವಿದ್ಯೆ, ಅಂದರೆ ಟೈರ್ ಬದಲಿಸುವುದು, ಮನೆಯಂಗಳದಿಂದ ಅಂಗಡಿಗೆ ಹೋಯಿತು. ಇದರಲ್ಲಿ ಅಳುವಂಥದ್ದೇನಿಲ್ಲ. ಚಕ್ರ ಬದಲಿಸುವ ಮೊದಲ ವಿದ್ಯೆ ನಮ್ಮ ಕೈಯಲ್ಲೇ ಇತ್ತು.

2020ರ ನಿಯಮ ನೋಡಿ. ಚಾಲಕ ಸೇರಿ ಒಂಬತ್ತು ಜನ ಕೂರುವ, ಮೂರೂವರೆ ಟನ್ ಒಳಗಿನ ವಾಹನಕ್ಕೆ ಟ್ಯೂಬ್‌ಲೆಸ್ ಟೈರ್, ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಭಾರ ಇಳಿಯುತ್ತದೆ, ಜಾಗ ಉಳಿಯುತ್ತದೆ, ವಿದ್ಯುತ್ ಕಾರಿನಲ್ಲಿ ಆ ಜಾಗಕ್ಕೆ ಬ್ಯಾಟರಿ ಇಡಬಹುದು. ಹೆದ್ದಾರಿಯಲ್ಲಿ, ಕರೆದರೆ ಅರ್ಧ ಗಂಟೆಯಲ್ಲಿ ಸಹಾಯ ಬರುವ ಪೇಟೆಯಲ್ಲಿ, ಇದು ಒಪ್ಪುವ ಮಾತೇ.

ನಮ್ಮ ರಸ್ತೆ ಬೇರೆ. ಕಿಟ್ಟಿನ ಅಂಟುದ್ರವ ಟೈರಿನ ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ. ತೋಟದ ದಾರಿಯ ಚೂಪು ಕಲ್ಲು, ಮಳೆಗೆ ಕೊಚ್ಚಿಹೋದ ಡಾಂಬರಿನ ಅಂಚು ಸೀಳುವುದು ಟೈರಿನ ಪಕ್ಕವನ್ನು. ಪಕ್ಕ ಸೀಳ್ದರೆ ಅಂಟೂ ಇಲ್ಲ, ಬತ್ತಿಯೂ ಇಲ್ಲ. ಬೇರೆ ಚಕ್ರವೇ ಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿ ಸುತ್ತ, ಫೋನಿಗೆ ಸಿಗ್ನಲ್ ಸಿಗದ ತಿರುವಿನಲ್ಲಿ, ಕತ್ತಲಾದ ಮೇಲೆ ಆನೆ ದಾಟುವ ಕಡೆ, ‘ಕರೆ ಮಾಡಿ, ಬರುತ್ತೇವೆ’ ಎಂಬ ಭರವಸೆಯನ್ನು ಎಷ್ಟು ನಂಬುವುದು? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದಾಗ, ಇದ್ದ ಗಾಡಿ ಓಡುವ ಸ್ಥಿತಿಯಲ್ಲಿರುವುದು ಎಷ್ಟು ಮುಖ್ಯ ಎಂದು ನಾವೆಲ್ಲ ನೋಡಿದ್ದೇವೆ.

ಕೈಗೆ ಬೇಕಾದ ಲೆಕ್ಕ

ಇತಿಹಾಸದಿಂದ ಇವತ್ತಿಗೆ ತೆಗೆದುಕೊಳ್ಳಬಹುದಾದದ್ದು ಇಷ್ಟು.

ಕಾರು ಕೊಳ್ಳುವ ಮೊದಲು ಡಿಕ್ಕಿ ತೆರೆಸಿ ನೋಡಿ. ಸ್ಟೆಪ್ನಿ, ಜಾಕಿ, ಸ್ಪ್ಯಾನರ್ ಇವೆಯೇ ಕೇಳಿ. ಇಲ್ಲದಿದ್ದರೆ ಬೇರೆಯಾಗಿ ಕೊಡುತ್ತಾರೆಯೇ ವಿಚಾರಿಸಿ. ಕೆಲವು ಕಾರಿನ ಸ್ಟೆಪ್ನಿ ಬೇರೆ ಟೈರಿಗಿಂತ ಸಣ್ಣದು. ಅದರಲ್ಲಿ 80 ಕಿಲೋಮೀಟರಿಗಿಂತ ವೇಗ ಹೋಗಬಾರದು, ಪಂಚರ್ ಅಂಗಡಿ ಮುಟ್ಟಲು ಮಾತ್ರ ಅದು.

ತಿಂಗಳಿಗೊಮ್ಮೆ ಗಾಳಿ ಹಿಡಿಸುವಾಗ ಸ್ಟೆಪ್ನಿಗೂ ಹಿಡಿಸಿ. ಬೇಕಾದಾಗ ಹೊರಗೆ ತೆಗೆದರೆ ಅದೇ ಚಪ್ಪಟೆಯಾಗಿರುವುದು ಎಲ್ಲೆಡೆ ಇರುವ ಕಥೆ.

ಅಂಗಡಿಗಳಲ್ಲಿ ಈಗ ಗಾಳಿಯ ಗನ್ನಿನಲ್ಲಿ ನಟ್ ಬಿಗಿಯುತ್ತಾರೆ. ಕಾರಿನ ಜೊತೆ ಬಂದ ಸಣ್ಣ ಸ್ಪ್ಯಾನರಿಗೆ ಅದು ಜಗ್ಗದೇ ಹೋಗಬಹುದು. ಕೊನೆಯ ಬಿಗಿ ಕೈಯಲ್ಲೇ ಹಾಕಿ ಎಂದು ಕೇಳಿಕೊಳ್ಳಿ. ಸಾಧಾರಣ ಕಾರಿನ ನಟ್ಟಿಗೆ ಬೇಕಾದ ಬಿಗಿ ಎಂದರೆ, ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 40 ಕಿಲೋ ಭಾರ. ಬಿಚ್ಚುವಾಗ ಅದೇ ಸ್ಪ್ಯಾನರಿಗೆ ಪೈಪು ತೊಡಿಸಿ ಎರಡು ಅಡಿ ಮಾಡಿದರೆ 17 ಕಿಲೋ ಸಾಕು. ಇಲ್ಲಿ ಬೇಕಾದದ್ದು ತೋಳ್ಬಲಕ್ಕಿಂತ ಹಿಡಿಯ ಉದ್ದ. ಹೆಂಗಸರಿಗೆ, ವಯಸ್ಸಾದವರಿಗೆ ಇದು ಮುಖ್ಯವಾದ ಲೆಕ್ಕ. ಒಂದೂವರೆ ಎರಡು ಅಡಿಯ ಗಟ್ಟಿ ಪೈಪಿನ ತುಂಡು ಗಾಡಿಯಲ್ಲಿರಲಿ. ಅದನ್ನು ಬಿಚ್ಚಲು ಮಾತ್ರ ಬಳಸಿ, ಬಿಗಿಯಲು ಬೇಡ.

ಸಮತಟ್ಟು ಜಾಗ ನೋಡಿ ನಿಲ್ಲಿಸಿ. ಇಳಿಜಾರು, ತಿರುವು, ಆನೆ ಓಡಾಡುವ ಜಾಗವಾದರೆ ಮೆಲ್ಲನೆ ಮುಂದೆ ಹೋಗಿ ಮನೆಯೋ ಅಂಗಡಿಯೋ ಸಿಕ್ಕುವ ಕಡೆ ನಿಲ್ಲಿ. ರಿಮ್ಮು ಹಾಳಾದರೂ ಜೀವಕ್ಕಿಂತ ಅಗ್ಗ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಇಟ್ಟು, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಮಳೆಗಾಲದ ಮಣ್ಣು ಜಾಕಿಯನ್ನು ನುಂಗುತ್ತದೆ, ಅಡಿಗೆ ಹಲಗೆ ಇಡಿ. ಬಿಚ್ಚುವ ಚಕ್ರ ತೆಗೆದ ಕೂಡಲೇ ಅದನ್ನು ಗಾಡಿಯ ಅಡಿಗೆ ಮಲಗಿಸಿ. ಜಾಕಿ ಜಾರಿದರೆ ಗಾಡಿ ಅದರ ಮೇಲೆ ಬೀಳುತ್ತದೆ, ನಿಮ್ಮ ಮೇಲಲ್ಲ. ಜಾಕಿಯ ಮೇಲಿರುವ ಗಾಡಿಯ ಕೆಳಗೆ ಕೈ, ಕಾಲು ಹಾಕಬೇಡಿ. ಹಾಕುವಾಗ ನಟ್ಟುಗಳನ್ನು ಒಂದಾದ ಮೇಲೆ ಎದುರಿನದು ಎಂಬಂತೆ ಬಿಗಿಯಿರಿ. ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಇದನ್ನೆಲ್ಲ ಮೊದಲ ಸಲ ಬೇತ್ರಿ ಸೇತುವೆಯ ಆಚೆ ಮಳೆಯಲ್ಲಿ ಕಲಿಯುವುದು ಕಷ್ಟ. ನಾಪೋಕ್ಲು ರಸ್ತೆಯಲ್ಲೋ ಹಾಕತ್ತೂರು, ಮೇಕೇರಿಯ ತಿರುವಿನಲ್ಲೋ ಅಷ್ಟೇ ಕಷ್ಟ. ಒಂದು ಭಾನುವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮನೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇರುವ ಎಲ್ಲರೂ, ಮಗಳು ಸೊಸೆ ಸೇರಿ, ಒಂದೊಂದು ಸಲ ಸ್ಟೆಪ್ನಿ ಹಾಕಿ ತೆಗೆಯಲಿ. ಹಳೆಯ ಜೀಪು ಓಡಿಸಿದ ಅಜ್ಜ ಪಕ್ಕದಲ್ಲಿ ಕುರ್ಚಿ ಹಾಕಿ ಕೂತರೆ ಇನ್ನೂ ಒಳ್ಳೆಯದು. ಅವರಿಗೆ ಗೊತ್ತಿರುವುದು ಯಾವ ಕಾರಿನ ಪುಸ್ತಕದಲ್ಲೂ ಇಲ್ಲ, ಅದನ್ನು ಕೇಳಿಸಿಕೊಳ್ಳಲು ಇನ್ನೂ ಸಮಯವಿದೆ.